ಮೇಷ್ಟ್ರ ಎರಡೆಳೆ ಹಗ್ಗ

ಮೊನ್ನೆ ಬ್ಯಾಚಿನವರೆಲ್ಲ ಸೇರಿದಾಗ, ಮೈಕ್ರೋಬಯಾಲಜಿ ಮೇಷ್ಟ್ರು ತೀರಿಕೊಂಡು ಆಗಲೇ ವರ್ಷವಾಯಿತೆಂಬ ಮಾತು ಬಂತು. ಸಿಲಬಸ್ಸು ಯಾರ ತಲೆಯಲ್ಲೂ ಉಳಿದಿರಲಿಲ್ಲ. ಕೆ.ಆರ್. ಮಾರ್ಕೆಟ್ಟಿನಿಂದ ಅವರು ತರುತ್ತಿದ್ದ ಕೆಂಪು-ಬಿಳಿ ಎರಡೆಳೆ ಹಗ್ಗ ಮಾತ್ರ ಎಲ್ಲರಿಗೂ ನೆನಪಿತ್ತು.

ತುಂಡಾದ ಡಿಎನ್‌ಎಯನ್ನು ಬ್ಯಾಕ್ಟೀರಿಯಾ ಹೇಗೆ ರಿಪೇರಿ ಮಾಡಿಕೊಳ್ಳುತ್ತದೆ ಎಂಬುದು ಪಾಠ. ಹಗ್ಗವೇ ಕರುಳಿನ ಬ್ಯಾಕ್ಟೀರಿಯಾ ಇ. ಕೋಲಿಯ ಡಿಎನ್‌ಎ. ಅದನ್ನು ಚಕ್ಕನೆ ಕತ್ತರಿಸಿ, ತುದಿಯನ್ನು ಮುಂದಿನ ಬೆಂಚಿನವರ ಕೈಗೆ ಕೊಡುತ್ತಿದ್ದರು. 'ಬಿ, ಸಿ, ಡಿ ಅಂತ ಮೂರು ಭಾಗ ಇರೋ ಕಿಣ್ವ ರೆಕ್‌ಬಿಸಿಡಿ, ಅದು ಹಿಡಿಯೋದು ಈ ತುದೀನ. ಬಿ ಒಂದೆಳೆ ಮೇಲೆ, ಡಿ ಇನ್ನೊಂದರ ಮೇಲೆ. ಡಿ ಜೋರಾಗಿ ಓಡುತ್ತೆ, ಅದಕ್ಕೇ ಬಿ ಮುಂದೆ ಎಳೆ ಕುಣಿಕೆಯಾಗುತ್ತೆ ನೋಡ್ರಪ್ಪ.' ಸೆಕೆಂಡಿಗೆ ಸಾವಿರ ಅಕ್ಷರ-ಜೋಡಿಯವರೆಗೂ ಬಿಚ್ಚುತ್ತ, ಬಿಚ್ಚಿದ್ದನ್ನು ತುಂಡರಿಸುತ್ತ ಸಾಗುವ ಯಂತ್ರ ಅದು. ಹಗ್ಗದ ಮೇಲೊಂದು ಶಾಯಿ ಗುರುತು: 'ಕೈ', ಗ್ರೀಕ್ ಅಕ್ಷರದ ಹೆಸರು ಹೊತ್ತ ಡಿಎನ್‌ಎ ಬರಹ. ಜಿಸಿಟಿಜಿಜಿಟಿಜಿಜಿ, ಎಂಟೇ ಅಕ್ಷರ. 46 ಲಕ್ಷ ಜೋಡಿಗಳ ಜೀನೋಮಿನಲ್ಲಿ, ಅಂದರೆ ಇ. ಕೋಲಿಯ ಇಡೀ ಡಿಎನ್‌ಎಯಲ್ಲಿ, ಇಂಥವು ಸುಮಾರು 1,000. ಸರಿಯಾದ ದಿಕ್ಕಿನಿಂದ ಬಂದರಷ್ಟೇ ಸಿ ಅದನ್ನು ಗುರುತಿಸುತ್ತದೆ. 'ಕೈ ಸಿಕ್ಕಿತೋ, ಕತ್ತರಿ ಕೈ ಬದಲಾಯಿಸ್ತು!' ಅಲ್ಲಿಂದಾಚೆ 3-ಪ್ರೈಮ್ ತುದಿಯ (ಎಳೆಯ ಎರಡು ತುದಿಗಳಲ್ಲಿ ಒಂದರ ಹೆಸರು) ಎಳೆ ಉಳಿಯುತ್ತದೆ. ಅದರ ಮೇಲೆ ಬಿ ರೆಕ್‌ಎ ಎಂಬ ಪ್ರೋಟೀನನ್ನು ಕೂರಿಸುತ್ತದೆ. ಮೂರು ಅಕ್ಷರಕ್ಕೊಂದು ರೆಕ್‌ಎ, ಸುರುಳಿಯ ಪ್ರತಿ ಸುತ್ತಿನಲ್ಲೂ ಸುಮಾರು ಆರು. ಎಳೆ ಒಂದೂವರೆ ಪಟ್ಟು ಹಿಗ್ಗಿ, ಅದೇ ಡಿಎನ್‌ಎಯ ಇನ್ನೊಂದು ಪ್ರತಿಯೊಳಗೆ ನುಗ್ಗಿ ತನ್ನ ಜೋಡಿ ಹುಡುಕುತ್ತದೆ. ಉಳಿದದ್ದು ಬೇರೆ ಕಿಣ್ವಗಳ ಕೆಲಸ: ಪಾಲಿಮರೇಸ್ ಹೋದ ಅಕ್ಷರಗಳನ್ನು ತುಂಬುತ್ತದೆ, ರುವ್‌ಎಬಿ ಎರಡು ಪ್ರತಿ ಹೆಣೆದುಕೊಂಡ ಕವಲನ್ನು ಜರುಗಿಸುತ್ತದೆ, ರುವ್‌ಸಿ ಅದನ್ನು ಕತ್ತರಿಸುತ್ತದೆ, ಲೈಗೇಸ್ ಬೆಸೆಯುತ್ತದೆ.

ಇನ್ನೊಂದು ಪ್ರತಿ ಎಲ್ಲಿಂದ? ಈಗಿನ ಅನಿಮೇಷನ್ ಪಾಠದಲ್ಲಿ ಈ ಪ್ರಶ್ನೆಗೆ ಜಾಗವೇ ಇಲ್ಲ. ಡಿಎನ್‌ಎ ನಕಲಾಗಲು 40 ನಿಮಿಷ ಬೇಕು, ಚೆನ್ನಾಗಿ ಬೆಳೆಯುವ ಜೀವಕೋಶ 20ಕ್ಕೇ ಎರಡಾಗುತ್ತದೆ. ಹಾಗಾಗಿ ಒಂದು ನಕಲು ಮುಗಿಯುವ ಮುಂಚೆಯೇ ಇನ್ನೊಂದು ಶುರುವಾಗಿರುತ್ತದೆ. ಒಂದೇ ಪ್ರತಿಯಿದ್ದ ಕೋಶಕ್ಕೆ ಈ ರಿಪೇರಿ ದಕ್ಕದು.

ಪ್ರಾಕ್ಟಿಕಲ್ಲಿನಲ್ಲಿ ಅರ್ಧ ಪ್ಲೇಟಿಗೆ ಮಾಮೂಲಿ ತಳಿ, ಇನ್ನರ್ಧಕ್ಕೆ ರೆಕ್‌ಎ ಕೆಟ್ಟ ತಳಿ, ಎರಡಕ್ಕೂ ಯುವಿ (ಅತಿನೇರಳೆ) ಬೆಳಕು. ಯುವಿ ಎಳೆಯನ್ನು ನೇರ ಕತ್ತರಿಸುವುದಿಲ್ಲ, ಪಕ್ಕಪಕ್ಕದ ಥೈಮೀನುಗಳನ್ನು, ಅಂದರೆ ಟಿ ಅಕ್ಷರಗಳನ್ನು, ಅಂಟಿಸುತ್ತದೆ. ನಕಲಾಗುವಾಗ ಅಲ್ಲಿ ಬಿಟ್ಟುಹೋದ ಖಾಲಿ ಜಾಗಕ್ಕೆ ರೆಕ್‌ಎಯನ್ನು ತರುವುದು ರೆಕ್‌ಎಫ್‌ಓಆರ್ ಎಂಬ ಪ್ರೋಟೀನುಗಳ ಗುಂಪು. ಪ್ಲೇಟನ್ನು ಮುಚ್ಚಳ ತೆಗೆದೇ ಯುವಿಗೆ ಹಿಡಿಯಬೇಕು, ಮಾಮೂಲಿ ಗಾಜೂ ಪ್ಲಾಸ್ಟಿಕ್ಕೂ 254 ನ್ಯಾನೋಮೀಟರ್ ತರಂಗಾಂತರದ ಆ ಬೆಳಕನ್ನು ತಡೆಯುತ್ತವೆ. ಆಮೇಲೆ ಕಪ್ಪು ಕಾಗದ ಸುತ್ತಿ 37 ಡಿಗ್ರಿಯಲ್ಲಿ ರಾತ್ರಿಯಿಡೀ. ಒಮ್ಮೆ ಹಿಂದಿನ ಬೆಂಚಿನವರು ಕಾಗದ ಬಿಚ್ಚಿ, ಪ್ಲೇಟನ್ನು ಕಿಟಕಿಯ ಬೆಳಕಿಗಿಟ್ಟು, ಏನೂ ಆಗದವರಂತೆ ಮತ್ತೆ ಸುತ್ತಿಟ್ಟರು. ಮಾರನೇ ದಿನ ಸಾಯಬೇಕಿದ್ದ ಕಡೆಯೂ ಕಾಲೊನಿಗಳು! ಮೇಷ್ಟ್ರು ಪ್ಲೇಟನ್ನು ಮೇಲೆತ್ತಿ ನೋಡಿ, 'ಬೆಳಕು ತೋರಿಸಿದ ಪುಣ್ಯಾತ್ಮ ಯಾರು?' ಎಂದರು. ಬೆಳಕು ಬಿದ್ದರೆ ಫೋಟೊಲಯೇಸ್ ಎಂಬ ಕಿಣ್ವ ಥೈಮೀನುಗಳ ಆ ಅಂಟನ್ನೇ ಬಿಡಿಸುತ್ತದೆ, ರೆಕ್‌ಎ ಹಂಗಿಲ್ಲದೆ.

ಕ್ಲೋನಿಂಗಿಗೆ, ಅಂದರೆ ಬೇಕಾದ ಡಿಎನ್‌ಎ ತುಂಡಿನ ಪ್ರತಿ ಬೆಳೆಸಲು, ಬಳಸುವ ಇ. ಕೋಲಿ ತಳಿ ಡಿಎಚ್‌5-ಆಲ್ಫಾದಲ್ಲಿ ರೆಕ್‌ಎ ಬೇಕೆಂದೇ ಕೆಡಿಸಿರುತ್ತಾರೆ. ಇಲ್ಲವಾದರೆ ಆ ತುಂಡನ್ನು ಹೊತ್ತ ಪುಟ್ಟ ಡಿಎನ್‌ಎ ಉಂಗುರದ, ಅಂದರೆ ಪ್ಲಾಸ್ಮಿಡ್ಡಿನ, ಒಂದೇ ತೆರನ ಭಾಗಗಳು ತಮ್ಮಲ್ಲೇ ಕೂಡಿಕೊಂಡು ನಡುವಿನ ತುಂಡು ಕಳಚಿಹೋಗುತ್ತದೆ. ಯಾಕೆಂದು ಕೇಳಿದರೆ ನಮ್ಮ ಬ್ಯಾಚಿನವರು ತಡವರಿಸುವುದಿಲ್ಲ, ಅಷ್ಟು ಜಂಬ ನಮಗಿದೆ.