ಹೊಗೆ ಕಪ್ಪಾದರೆ ಜೆಟ್‌ಗೆ ಕೈ ಹಾಕುವ ಮುಂಚೆ

ಕೋನ್ ಫಿಲ್ಟರ್, ಫ್ರೀ ಫ್ಲೋ ಸೈಲೆನ್ಸರ್, ದೊಡ್ಡ ಮೇನ್ ಜೆಟ್ (ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ) ಹಾಕಿಸಿದ ಬೈಕ್ ಕಪ್ಪು ಹೊಗೆ ಬಿಡುತ್ತಿದ್ದರೆ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ. ತುದಿಯಲ್ಲಿ ಕಾಡಿಗೆಯಂಥ ಒಣ ಮಸಿ ಬೆರಳಿಗೆ ಹತ್ತಿದರೆ ಪೆಟ್ರೋಲ್ ಹೆಚ್ಚಾಗಿದೆ. ಜಿಡ್ಡಾಗಿ ಒದ್ದೆಯಿದ್ದರೆ ಅದು ಆಯಿಲ್, ಕಾರ್ಬುರೇಟರ್ ಮುಟ್ಟಬೇಡಿ.

ನಮ್ಮ ಬಳ್ಳಾರಿಯಲ್ಲಿ ಮೊದಲ ಗುಮಾನಿ ಧೂಳಿನ ಮೇಲೆಯೇ. ಸಂಡೂರು ಕಡೆಯ ಕೆಂಪು ಅದಿರಿನ ಪುಡಿ ಫಿಲ್ಟರಿನ ಮಡಿಕೆಗಳಲ್ಲಿ ಕೂತರೆ ಗಾಳಿ ಕಟ್ಟುತ್ತದೆ, ಪೆಟ್ರೋಲ್ ಮಾತ್ರ ಅಷ್ಟೇ ಬರುತ್ತದೆ. ಮೇ ತಿಂಗಳ 40 ಡಿಗ್ರಿ ಬಿಸಿಲಿಗೆ ಗಾಳಿಯೂ ತೆಳುವಾಗುತ್ತದೆ. ಡಿಸೆಂಬರಿನಲ್ಲಿ ಕೂರಿಸಿದ ಜೆಟ್ ಆಗ ಜಾಸ್ತಿ ಅನ್ನಿಸುವುದು ಸಹಜ.

ಫಿಲ್ಟರ್ ಸ್ವಚ್ಛ ಮಾಡಿ, ಚೋಕ್ (ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಲು ಎಳೆಯುವ ಲಿವರ್) ಪೂರ್ತಿ ವಾಪಸ್ ಬರುತ್ತಿದೆಯೇ ನೋಡಿ. ಓವರ್‌ಫ್ಲೋ ಪೈಪ್ ತೊಟ್ಟಿಕ್ಕಿದರೆ, ಕಾರ್ಬುರೇಟರಿನ ಬಟ್ಟಲಿಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟ್ ಸೂಜಿಯಲ್ಲಿ ಕಸ ಅಥವಾ ಸವೆತ, ಇಲ್ಲವೇ ಫ್ಲೋಟ್ ಮಟ್ಟ ಮೇಲಾಗಿದೆ.

ಇಷ್ಟಾದರೂ ಸರಿಹೋಗದಿದ್ದರೆ ಆಕ್ಸಿಲರೇಟರ್ ಎಲ್ಲಿದ್ದಾಗ ತೊಂದರೆ ಎಂದು ಗುರುತಿಸಿ. ಐಡ್ಲಿಂಗ್‌ನಲ್ಲಿ ಪೈಲಟ್ ಜೆಟ್, ಕಾಲು ಭಾಗದಿಂದ ಮುಕ್ಕಾಲು ಭಾಗ ತಿರುಗಿಸುವವರೆಗೆ ನೀಡಲ್ (ಆಕ್ಸಿಲರೇಟರ್ ಜೊತೆ ಏರಿಳಿಯುವ ಉದ್ದ ಸೂಜಿ), ಅದರಾಚೆ ಮೇನ್ ಜೆಟ್ ಕಾರಣ. ನಡುವೆ ಮಿಡುಕಿದರೆ ನೀಡಲ್ ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಹಾಕಿ, ಸೂಜಿ ಕೆಳಗಿಳಿದು ಪೆಟ್ರೋಲ್ ತಗ್ಗುತ್ತದೆ. ಮೇನ್ ಜೆಟ್ ಆದರೆ ಒಂದೇ ಸೈಜ್ ಇಳಿಸಿ, ಓಡಿಸಿ, ಮತ್ತೆ ಪ್ಲಗ್ ನೋಡಿ. ಆತುರಕ್ಕೆ ಎರಡು ಮೂರು ಸೈಜ್ ಇಳಿಸಿದರೆ ಪೆಟ್ರೋಲ್ ತೀರಾ ಕಡಿಮೆಯಾಗಿ ಪಿಸ್ಟನ್ ಸುಡಬಹುದು.