ಟಣ್ ಅನ್ನುವ ಹಂಚು

ಇವತ್ತು ಮನೆಯ ಮಾಡು (ಛಾವಣಿ) ರಿಪೇರಿಗೆ ಜನ ಬಂದಿದ್ದರು. ಕೆಳಗಿಳಿಸಿದ ಹಂಚುಗಳಲ್ಲಿ ಒಂದರ ಬೆನ್ನು ಉಜ್ಜಿದೆ. ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865’ ಅಂತ ಅಚ್ಚು. ಪಾಚಿ ಹೋದ ಮೇಲೆ ಅಕ್ಷರ ಎಷ್ಟು ಚೂಪಾಗಿದೆ ಅಂತೀರಿ!

1865 ಅಂದರೆ ಮಂಗಳೂರಿನ ಜೆಪ್ಪುವಿನಲ್ಲಿ ಈ ಮಿಷನರಿಗಳ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಈ ಹಂಚು ಅಷ್ಟು ಹಳೆಯದಲ್ಲ, ಆದರೆ ಮುತ್ತಜ್ಜನ ಕೈ ದಾಟಿಯೇ ಬಂದಿರಬೇಕು. ಅವರದು ಹಂಚಿನ ವ್ಯಾಪಾರ. ಬಂದರಿನಲ್ಲಿ ಮಂಜಿಗೆ (ಸರಕಿನ ಹಾಯಿಹಡಗಿಗೆ) ಹೇರುವ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರಂತೆ. ಟಣ್ ಅಂದರೆ ಸರಿ. ಡಬ್ ಅಂದರೆ ಒಳಗೆ ಬಿರುಕು, ಪಕ್ಕಕ್ಕೆ.

ಸಂಜೆಯಾದರೆ ಮುತ್ತಜ್ಜನಿಗೆ ಮೈದಾನದಲ್ಲಿ ಬರಿಗಾಲಲ್ಲಿ ಫುಟ್‌ಬಾಲ್. ಎಡಗಾಲಿನ ಹೆಬ್ಬೆರಳಿನ ಉಗುರು ಕೊನೆಯವರೆಗೂ ಸರಿಯಾಗಿ ಬೆಳೆಯಲೇ ಇಲ್ಲ ಅಂತ ಅಜ್ಜಿ ಹೇಳುತ್ತಿದ್ದರು. ಭಾನುವಾರ ಅದೇ ಕಾಲಿಗೆ ಬೂಟು ಹಾಕಿ, ಕುಂಟುತ್ತಾ ದೇವಾಲಯಕ್ಕೆ, ಅಂದರೆ ಚರ್ಚಿಗೆ. ಗಂಟೆ ಹೊಡೆಯುವುದು, ಕಾಣಿಕೆ ಎಣಿಸುವುದು, ಬೆಂಚು ಒರೆಸುವುದು. ಸಂಬಳ ಏನೂ ಇಲ್ಲ. ಗಂಟೆಯ ಹಗ್ಗ ಮಾತ್ರ ಬೇರೆಯವರಿಗೆ ಕೊಡುತ್ತಿರಲಿಲ್ಲವಂತೆ. ಸ್ವಲ್ಪ ಹಟಮಾರಿ ಇದ್ದಿರಬೇಕು, ಅಲ್ವಾ?

ನನಗೆ ವ್ಯಾಪಾರ ಬರಲ್ಲ, ಫುಟ್‌ಬಾಲ್ ಟಿವಿಯಲ್ಲಿ ಮಾತ್ರ, ದೇವಾಲಯಕ್ಕೆ ಕ್ರಿಸ್‌ಮಸ್‌ಗೆ ಈಸ್ಟರ್‌ಗೆ. ಸುಮ್ನೆ ಒಂದು ಸಲ ಹಂಚನ್ನು ಗೆಣ್ಣಿನಿಂದ ತಟ್ಟಿದೆ.

ಟಣ್ ಅಂತು.

ಕೆಲಸದವರು ‘ಇದು ಬೇಡ, ಶೀಟ್ ಹಾಕಿಸಿ, ಖರ್ಚು ಕಡಿಮೆ’ ಅಂದರು. ಒಂದೊಂದೇ ತಟ್ಟಿ ನೋಡುತ್ತಾ ಕೂತಿದ್ದೇನೆ. ಊಟಕ್ಕೆ ಎರಡು ಸಲ ಕರೆದಾಯಿತು.