ಕರಡಿ ಸಾಕು

ಇಲ್ಲಿ ಅಮೆರಿಕದಲ್ಲಿ ಡಿಸೆಂಬರ್ ಬಂದರೆ ಅಂಗಡಿಗಳ ಬಾಗಿಲಲ್ಲೇ ‘ಟಾಯ್ಸ್ ಫಾರ್ ಟಾಟ್ಸ್’ ಪೆಟ್ಟಿಗೆ, ಬಡ ಮಕ್ಕಳಿಗೆ ಕ್ರಿಸ್‌ಮಸ್ ಆಟಿಕೆ ಕೂಡಿಸಲು. ಇಂದು ಅದರ ಪಕ್ಕ ಲಯನ್ಸ್ ಕ್ಲಬ್ಬಿನ ಹಳದಿ ಕೋಟು ತೊಟ್ಟ ಅಜ್ಜ.

ಇಣುಕಿ ನೋಡಿದೆ. ಕರಡಿ, ಗೊಂಬೆ, ಮತ್ತೆ ಕರಡಿ.

“ಹದಿಮೂರು ದಾಟಿದವರಿಗೆ ಯಾರೂ ಏನೂ ತರುವುದಿಲ್ಲ” ಎಂದರು.

ನಿಜವೇ. ಬಡ ಮಗು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಐದು ವರ್ಷದ್ದೇ. ಮೀಸೆ ಚಿಗುರುವ ಹುಡುಗನನ್ನು ಕಂಡು ಯಾರಿಗೆ ಕನಿಕರ ಹುಟ್ಟುತ್ತದೆ? 1947ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಈ ಆಟಿಕೆ ದಾನ ಶುರುವಾದದ್ದೂ ಒಂದು ಬಟ್ಟೆ ಗೊಂಬೆಯಿಂದಂತೆ. ಆ ಗುಂಗು ಇನ್ನೂ ಬಿಟ್ಟಿಲ್ಲ!

ಬಾಸ್ಕೆಟ್‌ಬಾಲ್ ಕೊಂಡೆ. ಬಣ್ಣದ ಕಾಗದ ಕೇಳಿದರೆ ಅಜ್ಜ ತಡೆದರು: ಹೊಸದಾಗಿರಬೇಕು, ಸುತ್ತಿರಬಾರದು. ಸುತ್ತುವ ಸುಖ ಅಪ್ಪ ಅಮ್ಮನಿಗೇ ಇರಲಿ ಎಂದು.

ನಾಳೆ ಗಾಳಿ ಹೊಡೆಯುವ ಪಂಪನ್ನೂ ಹಾಕಿ ಬರುತ್ತೇನೆ. ಗೆಳೆಯರೇ, ನೀವು ಹೋದರೆ ದಯವಿಟ್ಟು ಕರಡಿ ಬೇಡ.